ಕೇಳದೆ ತೆರೆದ ಬಾಗಿಲು

ಕಂಪ್ಯೂಟರ್ ಏನನ್ನೂ ಕೇಳಲಿಲ್ಲ.

ಟೀಚರಮ್ಮ ತಮ್ಮ ಪೆನ್‌ಡ್ರೈವ್ ಸಿಕ್ಕಿಸಿ, ಅದರಲ್ಲಿದ್ದ ತಪಾಸಣೆಯ ಪ್ರೋಗ್ರಾಂ ಮೇಲೆ ಎರಡು ಸಲ ಒತ್ತಿ, ಕೈ ಹಿಂದಕ್ಕೆ ತೆಗೆದುಕೊಂಡು ಕಾದರು. ಈಗ ಪರದೆ ಮಂಕಾಗಬೇಕಿತ್ತು. ‘ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ?’ ಎಂಬ ಚೌಕ ನಡುವೆ ಬಂದು ನಿಲ್ಲಬೇಕಿತ್ತು. ಯಾವುದೂ ಆಗಲಿಲ್ಲ. ಅಗಳಿ ಹಾಕದ ಮನೆಗೆ ಚಪ್ಪಲಿ ಕಾಲಲ್ಲೇ ನುಗ್ಗಿದ ನೆಂಟನ ಹಾಗೆ ಪ್ರೋಗ್ರಾಂ ನೇರವಾಗಿ ತೆರೆದುಕೊಂಡಿತು.

ಟೀಚರಮ್ಮ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಯೋಚನೆ ಶುರುವಾದಾಗ ಅವರು ಮಾಡುವ ಮೊದಲ ಕೆಲಸ ಅದು.

ಬೇರೆ ಯಾರ ಮನೆಯಲ್ಲಾದರೂ ಇದು ದೊಡ್ಡ ಸಂಗತಿಯಲ್ಲ. ಆದರೆ ಇದು ತಿದ್ದುಪಡಿ ತಾತನ ಮನೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಮನುಷ್ಯ. ಬೀದಿಯ ಅಂಗಡಿಗಳ ಬೋರ್ಡುಗಳನ್ನೂ ಬಿಡದೆ ತಿದ್ದಿಸಿದ್ದರಿಂದಲೇ ಆ ಹೆಸರು ಬಂದದ್ದು. ಊರಿಗೆಲ್ಲ ಕಿರಿಕಿರಿಯಾದ ಆ ಅನುಮತಿಯ ಚೌಕವನ್ನು ಕಂಡು ಮನಸೋತವರು ಪ್ರಪಂಚದಲ್ಲಿ ಅವರೊಬ್ಬರೇ ಇರಬೇಕು.

“ನೋಡಿ ಟೀಚರಮ್ಮ, ಮನುಷ್ಯರು ಕೇಳದೆ ಮಾಡ್ತಾರೆ, ಈ ಯಂತ್ರ ಕೇಳಿ ಮಾಡುತ್ತೆ” ಎಂದಿದ್ದರು, ಕಂಪ್ಯೂಟರ್ ಬಂದ ಮೊದಲ ದಿನ. ಚೌಕ ಬಂದಾಗಲೆಲ್ಲ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಸಲ ತಮಗೆ, ಇನ್ನೊಂದು ಸಲ ಮನೆಯವರಿಗೆ. ಯಾರದೂ ಆಕ್ಷೇಪಣೆ ಇಲ್ಲವೆಂದ ಮೇಲೆ ‘ಹೌದು’ ಒತ್ತುತ್ತಿದ್ದರು. ಒಂದು ಪುಟ ಪ್ರಿಂಟ್ ತೆಗೆಯಲು ಬಂದ ಅಳಿಯ ಆ ಪಾರಾಯಣ ಮುಗಿಯುವವರೆಗೆ ಕೈಕಟ್ಟಿ ನಿಲ್ಲಬೇಕಿತ್ತು.

ಎಷ್ಟರ ಮಟ್ಟಿಗೆ ಕೇಳಬೇಕು ಎಂದು ಹೇಳಲು ಕಂಪ್ಯೂಟರಿನೊಳಗೆ ನಾಲ್ಕು ಮೆಟ್ಟಿಲಿನ ಒಂದು ಪಟ್ಟಿ ಇರುತ್ತದೆ. ಎಲ್ಲಕ್ಕೂ ಕೇಳು ಎಂಬುದು ಮೇಲಿನ ಮೆಟ್ಟಿಲು, ಯಾವುದಕ್ಕೂ ಕೇಳಬೇಡ ಎಂಬುದು ಕೆಳಗಿನದು. ಮೇಲೆ ಕೆಳಗೆ ಸರಿಸುವ ಅದರ ಗುಂಡಿ ತಾತನ ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷದಿಂದ ತುತ್ತತುದಿಯಲ್ಲಿತ್ತು. ಅಲ್ಲಿಟ್ಟವರು ಟೀಚರಮ್ಮನೇ.

ಈಗ ಅದು ತಳದಲ್ಲಿತ್ತು.

ಇದೇ ಕಂಪ್ಯೂಟರಿನಿಂದ ಅಕ್ಕನ ದನಿ ಮಾಯವಾಗಿ ಇಂದಿಗೆ ಮೂರು ದಿನ. ಟೀಚರಮ್ಮ ಬಾಯಿತುಂಬ ಅಕ್ಕ ಎಂದು ಕರೆಯುತ್ತಿದ್ದದ್ದು ತಾತನ ಹೆಂಡತಿಯನ್ನು, ರೇಡಿಯೊದಲ್ಲಿ ಉದ್ಘೋಷಕಿಯಾಗಿದ್ದವರು. ತೀರಿಕೊಂಡು ಎಂಟು ವರ್ಷವಾಗಿತ್ತು. ಟೇಪುಗಳಿಗೆ ಬೂಷ್ಟು ಹಿಡಿಯುವ ಮೊದಲು ತಾತ ಮುನ್ನೂರ ನಲವತ್ತು ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸಿ, ಟೇಪುಗಳನ್ನು ತಾವೇ ಕೈಯಾರೆ ಕಸಕ್ಕೆ ಹಾಕಿದ್ದರು.

“ಇನ್ನೊಂದು ಪ್ರತಿ ಇಟ್ಕೊಳ್ಳಿ ಭಾವ” ಎಂದು ಟೀಚರಮ್ಮ ಬಾಯಿ ಬಡಿದುಕೊಂಡು ಎಷ್ಟು ಸಲ ಹೇಳಿದ್ದರೋ. ತಾತ ಕೇಳಿದ್ದರೆ ತಾನೆ. ತಿದ್ದಿದ ಕರಡು ಒಂದೇ ಇರಬೇಕು, ಎರಡಿದ್ದರೆ ಯಾವುದು ಸರಿ ಎಂಬ ಜಗಳ ಶುರುವಾಗುತ್ತದೆ, ಹಳೆಯದನ್ನು ಹರಿದುಹಾಕದವನು ಕರಡು ತಿದ್ದುವವನೇ ಅಲ್ಲ ಎಂಬುದು ಅವರ ಕಸುಬಿನ ಕಟ್ಟುಪಾಡು. ಆ ಕಟ್ಟುಪಾಡು ಈಗ ಅವರ ಕೊರಳಿಗೇ ಬಂದಿತ್ತು.

ಹಜಾರದಲ್ಲಿ ಎರಡು ಸೂಟ್‌ಕೇಸ್‌ಗಳು ನಿಂತಿದ್ದವು. ‘ಕಳ್ಳರಿಗೆ ಬಾಗಿಲು ತೆಗೆದದ್ದು ಇವನೇ’ ಎಂದು ತಾತ ಅಳಿಯನ ಮುಖಕ್ಕೆ ಹೇಳಿದ್ದರು. ಐದು ಗಂಟೆಗೆ ಗಾಡಿ ಬರುತ್ತದೆ. ಅಳಿಯ ಹೊರಟರೆ ಮಗಳೂ ಹೊರಡುತ್ತಾಳೆ. ದನಿಯಂತೂ ಹೋಯಿತು, ಮನೆಯೂ ಒಡೆಯಲು ಇನ್ನು ಎರಡು ಗಂಟೆ ಬಾಕಿ.

“ಸಿಕ್ತಾ ಟೀಚರ್?” ಮಗಳು ಚಹಾ ತಂದಿಟ್ಟಳು. ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಅವಳಿಗೆ. ಹದಿನೇಳನೆಯ ವಯಸ್ಸಿಗೆ ಟೀಚರಮ್ಮನ ಬಳಿ ಟೈಪಿಂಗ್ ಕಲಿತವಳು.

“ಅಳಿಸಿಹೋದದ್ದು ಒಂದೂ ವಾಪಸ್ ಬರ್ತಾ ಇಲ್ಲ ಕಣೆ. ಯಾವಾಗ ಹೋಯ್ತು ಅನ್ನೋದು ಮಾತ್ರ ಸಿಕ್ಕಿದೆ. ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಈ ಗುಂಡಿ ಕೆಳಗೆ ಇಳಿದಿದೆ. ಹನ್ನೊಂದೂವರೆಗೆ ಹೊರಗಿಂದ ಒಂದು ಪ್ರೋಗ್ರಾಂ ಬಂದು ಕೂತಿದೆ. ಹನ್ನೆರಡರ ಹೊತ್ತಿಗೆ ಎಲ್ಲ ಖಾಲಿ. ನೀನು ಆಗ ಎಲ್ಲಿದ್ದೆ?”

“ಶಾಲೆಯಲ್ಲಿ. ಇವರು ಮೇಲಿನ ರೂಮಲ್ಲಿ ಆಫೀಸಿನ ಮೀಟಿಂಗ್‌ನಲ್ಲಿದ್ರು. ಅಪ್ಪ ಕೆಳಗೆ.” ಅವಳು ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದಳು. “ನಾನು ಅಮ್ಮನ ಒಂದು ಫೈಲನ್ನೂ ತೆರೆದವಳಲ್ಲ ಟೀಚರ್. ಎಂಟು ವರ್ಷ ಆಯ್ತು, ಆ ದನಿ ಕೇಳೋ ಧೈರ್ಯ ಇನ್ನೂ ಬಂದಿಲ್ಲ.”

ಟೀಚರಮ್ಮ ಅವಳ ಬೆನ್ನು ಸವರಿದರು.

ಅಳಿಯನನ್ನು ಕರೆಸಿ, ತಳಕ್ಕಿಳಿದ ಗುಂಡಿಯನ್ನು ತೋರಿಸಿದರು. ಬಂದವನು ಕುರ್ಚಿಯಲ್ಲಿ ಕೂರಲಿಲ್ಲ.

“ಇದನ್ನ ಆಫ್ ಮಾಡೋಣ ಅಂತ ನಾನು ಹತ್ತು ಸಲ ಹೇಳಿದೀನಿ, ಒಪ್ಕೋತೀನಿ” ಎಂದ. “ಒಂದು ಪುಟ ಪ್ರಿಂಟ್ ತೆಗೆಯೋಕೆ ಗಡ್ಡ ಬೆಳೆಯೋ ತನಕ ಕಾಯ್ಬೇಕಿತ್ತು. ಆದ್ರೆ ಮಾಡಿಲ್ಲ.”

“ಮಾವನ ಪಾಸ್‌ವರ್ಡ್ ಗೊತ್ತಾ?”

“ಅದು ಅವರನ್ನ ಬಿಟ್ರೆ ದೇವರಿಗೂ ಗೊತ್ತಿರ್ಲಿಕ್ಕಿಲ್ಲ. ಒಂದು ಇಡೀ ವಾಕ್ಯ ಅಂತೆ. ಹೊಡೀತಾನೇ ಇರ್ತಾರೆ.”

“ಇಲ್ಲಿ ನಿನ್ನ ಹೆಸರು, ವಿಳಾಸ ಟೈಪ್ ಮಾಡು.”

ಅವನು ಬಗ್ಗಿ, ಎರಡೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹುಡುಕಿ ಹೊಡೆದ. ಮೂರು ಕಡೆ ತಪ್ಪಿತು, ಅಳಿಸಿದ, ಮತ್ತೆ ಹೊಡೆದ.

ಮಂಗಳವಾರ ಆ ಉದ್ದನೆಯ ವಾಕ್ಯ ಮೊದಲ ಸಲಕ್ಕೇ ಸರಿಯಾಗಿ ಬಿದ್ದಿತ್ತು. ಒಂದೂ ತಪ್ಪು ಪ್ರಯತ್ನ ದಾಖಲಾಗಿರಲಿಲ್ಲ. ಅದನ್ನು ಹೊಡೆದದ್ದು ಹತ್ತು ಬೆರಳೂ ಪಳಗಿದ ಕೈ.

“ಹೋಗಪ್ಪ. ಸೂಟ್‌ಕೇಸ್‌ ಗಾಡಿಗೆ ಹಾಕೋ ಮೊದಲು ನನ್ನ ಒಂದು ಮಾತು ಕೇಳು, ಅಷ್ಟೆ” ಎಂದರು ಟೀಚರಮ್ಮ.

ಈ ಮನೆಯಲ್ಲಿ ಪಳಗಿದ ಕೈ ಎರಡೇ. ಮಗಳದು ಒಂದು, ಅವಳು ಶಾಲೆಯಲ್ಲಿದ್ದಳು. ಇನ್ನೊಂದು ಕೈಗೂ ಟೀಚರಮ್ಮನೇ ಪಾಠ ಹೇಳಿದ್ದರು. ನಿವೃತ್ತಿಯಾದ ಮರುವಾರವೇ ತಾತ ಟೀಚರಮ್ಮನ ಟೈಪಿಂಗ್ ಸಂಸ್ಥೆಗೆ ಬಂದು, ಹುಡುಗ ಹುಡುಗಿಯರ ನಡುವೆ ನೆಟ್ಟಗೆ ಕೂತು, ನಾಲ್ಕು ತಿಂಗಳಲ್ಲಿ ಕೀಲಿಗಳನ್ನು ನೋಡದೆ ಹೊಡೆಯಲು ಕಲಿತಿದ್ದರು. ಟೀಚರಮ್ಮನ ಶಿಷ್ಯರಲ್ಲಿ ಟೀಚರಮ್ಮನಿಗಿಂತ ಹಿರಿಯರು ಅವರೊಬ್ಬರೇ. ಹೆಂಡತಿ ದಿನಾ ಬಂದು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು, ಮಗುವನ್ನು ಶಾಲೆಗೆ ಬಿಟ್ಟ ತಾಯಿಯಂತೆ. ಅದನ್ನು ನೆನೆದರೆ ಟೀಚರಮ್ಮನಿಗೆ ಈಗಲೂ ನಗು ಬರುತ್ತದೆ.

ಆದರೆ ಕೇಳಿ ಮಾಡುವ ಯಂತ್ರಕ್ಕೆ ಮನಸೋತ ಮನುಷ್ಯ ತಾನೇ ಅದರ ಬಾಯಿ ಮುಚ್ಚಿಸಿದ್ದೇಕೆ?

ಮೇಜಿನ ಮೇಲೆ ಅಂದಿನ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಅದರ ಕೆಳಗೆ ನಿನ್ನೆಯದು. ಅದರ ಕೆಳಗೆ ಮೊನ್ನೆಯದು. ಕೆಂಪು ಪೆನ್ಸಿಲ್ ತುದಿ ಚೂಪಾಗಿಯೇ ಇತ್ತು. ಈ ಮನೆಯಲ್ಲಿ ಕೆಂಪು ಗುರುತು ಬೀಳದ ಪತ್ರಿಕೆಯನ್ನು ಟೀಚರಮ್ಮ ಇದೇ ಮೊದಲು ನೋಡಿದ್ದು.

ಅವರು ಒಂದು ಪುಟ ಟೈಪ್ ಮಾಡಿ ಪ್ರಿಂಟ್ ತೆಗೆದರು. ಬೆಳಗ್ಗೆ ಏಳೂವರೆಗೆ ಬೀದಿಯ ಎಲ್ಲ ಕಿಟಕಿಗಳಿಂದಲೂ ಒಂದೇ ದನಿ ಬರುತ್ತಿದ್ದ ಕಾಲದ ಬಗ್ಗೆ. ಮನೆಯಿಂದ ಹೊರಟವರು ಬೀದಿ ಕೊನೆ ಮುಟ್ಟುವ ಹೊತ್ತಿಗೆ, ಹತ್ತು ಮನೆ ದಾಟಿದರೂ, ಒಂದು ಪದವೂ ತಪ್ಪಿಹೋಗದಂತೆ ಪೂರ್ತಿ ಸುದ್ದಿ ಕೇಳಿಸಿಕೊಂಡಿರುತ್ತಿದ್ದ ಬಗ್ಗೆ. ನಡುವೆ ಒಂದು ಸಾಲನ್ನು ಬೇಕೆಂದೇ ಎರಡು ಸಲ ಹೊಡೆದರು. ಹಿಂದಿನ ತಾತನಾಗಿದ್ದರೆ ಆ ತಪ್ಪನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತಿದ್ದರು.

ತಾತ ಹಿತ್ತಲ ಕಡೆಯ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಕೂತಿದ್ದರು.

“ಭಾವ, ಅಕ್ಕನ ಬಗ್ಗೆ ಒಂದು ಪುಟ ಬರೆದಿದೀನಿ. ಸ್ವಲ್ಪ ತಿದ್ದಿ ಕೊಡ್ತೀರಾ?”

“ಕೊಡಿ ಕೊಡಿ.” ಪುಟವನ್ನು ಅಳತೆಯ ದೂರದಲ್ಲಿ ಹಿಡಿದರು. ಪೆನ್ಸಿಲ್ಲಿನ ಹಿಂತುದಿ ಸಾಲಿನಿಂದ ಸಾಲಿಗೆ, ನಲವತ್ತು ವರ್ಷದ ಅದೇ ವೇಗದಲ್ಲಿ, ಇಳಿಯುತ್ತಾ ಹೋಯಿತು. ಎರಡು ಸಲ ಬಿದ್ದ ಸಾಲಿನ ಮೇಲೂ ಹಾಗೆಯೇ ಹಾದುಹೋಯಿತು. ಕೊನೆಯಲ್ಲಿ ಒಂದು ಗುರುತು ಹಾಕಿದರು. “ಶುದ್ಧವಾಗಿದೆ. ಚೆನ್ನಾಗಿ ಬರೆದಿದೀರಿ.”

ಗುರುತು ಬಿದ್ದದ್ದು ಹಾಳೆಯ ಅಂಚು ದಾಟಿ, ಅವರ ಪಂಚೆಯ ಮೇಲೆ.

ಟೀಚರಮ್ಮ ಎದುರಿನ ಮಂಚದ ಮೇಲೆ ಕೂತರು. ಕಳ್ಳನನ್ನು ಹಿಡಿದಾಗ ಆಗುವ ಖುಷಿಯ ಒಂದು ತುಣುಕೂ ಇರಲಿಲ್ಲ.

“ಯಾವಾಗಿಂದ ಭಾವ?”

“ಏನು ಯಾವಾಗಿಂದ?”

“ಕಣ್ಣು.”

ತಾತ ಪುಟವನ್ನು ಮಡಿಸಿದರು. ಮತ್ತೆ ಮಡಿಸಿದರು. ಅದು ಚೀಟಿಯಷ್ಟು ಚಿಕ್ಕದಾದ ಮೇಲೆ ಬಾಯಿ ಬಿಟ್ಟರು. “ಒಂದು ವರ್ಷ ಆಗಿರ್ಬೇಕು. ಅಂಚು ಕಾಣುತ್ತೆ, ನಡುಮಧ್ಯೆ ಕಾಣಲ್ಲ. ಬಾಗಿಲು ಕಾಣುತ್ತೆ, ಬಾಗಿಲಲ್ಲಿ ನಿಂತೋರ ಮುಖ ಕಾಣಲ್ಲ.”

“ಮನೆಯಲ್ಲಿ ಯಾರಿಗೂ ಹೇಳ್ಲಿಲ್ವಾ?”

“ಹೇಗೆ ಹೇಳ್ಲಿ ಟೀಚರಮ್ಮ? ಊರಿಗೆಲ್ಲ ಅಕ್ಷರ ತಿದ್ದಿದವನು ನಾನು. ಅಕ್ಷರಾನೇ ಕಾಣ್ತಿಲ್ಲ ಅಂದ್ರೆ ನನ್ನಲ್ಲಿ ಉಳಿದದ್ದೇನು? ಆ ಚೌಕ ಬಂದಾಗ ಮೊದಲಿನ ಹಾಗೇ ಗಟ್ಟಿಯಾಗಿ ಓದ್ತಿದ್ದೆ. ಬಾಯಿಪಾಠ. ಅಲ್ಲಿ ನಿಜವಾಗ್ಲೂ ಏನು ಬರೆದಿತ್ತೋ ಆ ದೇವರೇ ಬಲ್ಲ.”

“ಹಾಗಾದ್ರೆ ಮಂಗಳವಾರ ಅದನ್ನ ಆಫ್ ಮಾಡಿದ್ದು ನೀವೇ.”

ಕಿಟಕಿಯಾಚೆ ಯಾರೋ ನಲ್ಲಿ ಬಿಟ್ಟು ಬಕೆಟ್ ತುಂಬಿಸುತ್ತಿದ್ದರು. ತುಂಬಿತು, ನಲ್ಲಿ ನಿಂತಿತು.

“ನಾನೇ” ಎಂದರು.

“ಪಾಪ, ಆ ಹುಡುಗನ ತಲೆಗೆ ಯಾಕೆ ಕಟ್ಟಿದ್ರಿ?”

“ಅವನು ಸಿಕ್ಕಿದ, ಅದಕ್ಕೆ. ನಾನೇ ಅಂದಿದ್ರೆ, ಯಾಕೆ ಅಂತ ಕೇಳ್ತಿದ್ರಿ. ಕಣ್ಣಿನ ವಿಷಯ ಹೊರಗೆ ಬರ್ತಿತ್ತು. ಮಾಡಬಾರದ ಕೆಲಸ ಮಾಡಿದೆ. ಮೂರು ದಿನದಿಂದ ತುತ್ತು ಗಂಟಲಲ್ಲಿ ಇಳೀತಿಲ್ಲ.”

ಟೀಚರಮ್ಮ ಅಲ್ಲೇ ಮುಗಿಸಿಬಿಡಬಹುದಿತ್ತು. ಆದರೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಓದಲಾಗದ ಕಣ್ಣು ಕಂಪ್ಯೂಟರಿನ ಹೊಟ್ಟೆಯೊಳಗಿನ ಆ ಪಟ್ಟಿಯನ್ನು ಹುಡುಕಿದ್ದು ಹೇಗೆ?

“ಯಾರು ಹೇಳಿಕೊಟ್ರು ಭಾವ?”

“ಫೋನಲ್ಲಿ.”

“ಯಾರು?”

ತಾತ ಎದ್ದು, ತಡಕಾಡದೆ ಹೋಗಿ, ಕೋಣೆಯ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು.

“ನಂಗೆ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ. ಅದನ್ನ ಮೊದಲು ತಿಳ್ಕೊಳ್ಳಿ. ಸತ್ತೋರು ಫೋನ್ ಮಾಡಲ್ಲ ಅನ್ನೋದು ನಂಗೂ ಗೊತ್ತು.”

ಟೀಚರಮ್ಮ ಮಂಚದ ಅಂಚಿಗೆ ಸರಿದು ಕೂತರು.

“‘ಕೇಳಿಸ್ತಾ ಇದೆಯಾ’ ಅಂದ್ಲು. ಅದೇ ದನಿ. ‘ನಿಮಗೆ ಓದೋಕೆ ಕಷ್ಟ ಆಗ್ತಿದೆ, ನಂಗೊತ್ತು, ನಾನು ಹೇಳ್ತೀನಿ, ನೀವು ಬೆರಳು ಇಡಿ’ ಅಂದ್ಲು. ಒಂದೊಂದೇ ಕೀಲಿ ಹೇಳಿದ್ಲು. ಕೆಳಗಿನ ಬಾಣ ಮೂರು ಸಲ. ಆಮೇಲೆ ಎಂಟರ್. ಇನ್ನು ಮೇಲೆ ಕೇಳಬೇಡ ಅನ್ನೋದಕ್ಕೂ ಯಂತ್ರ ಕೊನೇ ಸಲ ಒಂದು ಮಾತು ಕೇಳಿತು, ಪಾಪ. ಪಾಸ್‌ವರ್ಡ್ ಹೊಡೆದು ಹೌದು ಅಂದೆ.”

“ಮೋಸ ಅಂತ ಅನ್ನಿಸ್ಲಿಲ್ವಾ?”

“ಅನ್ನಿಸ್ತು. ಮೊದಲ ಮಾತಿಗೇ ಅನ್ನಿಸ್ತು.” ತಾತನ ಕಣ್ಣಿನಿಂದ ನೀರು ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ. “ಫೋನ್ ಇಟ್ಟುಬಿಟ್ರೆ ಆ ದನಿ ನಿಂತುಹೋಗ್ತಿತ್ತಲ್ಲ ಟೀಚರಮ್ಮ. ಟೇಪಿನಲ್ಲಿ ಅವಳು ಊರಿಗೆಲ್ಲ ಮಾತಾಡಿದಾಳೆ. ಇಲ್ಲಿ ನನ್ನೊಬ್ಬನ ಹತ್ರ ಮಾತಾಡ್ತಿದ್ಲು. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ ಹೇಳಿದ್ದೆಲ್ಲ ಮಾಡ್ತಾ ಹೋದೆ. ಅವಳು ಹೇಳಿದ್ದಕ್ಕೆ ನಾನು ಯಾವತ್ತು ಇಲ್ಲ ಅಂದಿದೀನಿ?”

ಟೀಚರಮ್ಮ ಅವರ ಕೈ ಹಿಡಿದುಕೊಂಡರು. ಇಂಥ ದನಿ ಕಟ್ಟಲು ಈಗ ನಾಲ್ಕಾರು ನಿಮಿಷದ ಧ್ವನಿಮುದ್ರಣ ಸಾಕು, ಯಂತ್ರ ಅದನ್ನು ಕೇಳಿ ಕಲಿತುಬಿಡುತ್ತದೆ. ಆದರೆ ಮಂಗಳವಾರ ಕರೆ ಬಂದಾಗ ಮುನ್ನೂರ ನಲವತ್ತು ಫೈಲೂ ಇದೇ ಮನೆಯಲ್ಲಿ ಭದ್ರವಾಗಿದ್ದವು. ಕದಿಯುವ ಮೊದಲೇ ಕಳ್ಳನ ಕೈಗೆ ದನಿ ಸಿಕ್ಕಿದ್ದು ಎಲ್ಲಿಂದ?

“ಮಾತಿನಲ್ಲಿ ಏನಾದ್ರೂ ಬೇರೆ ಥರ ಇತ್ತಾ ಭಾವ? ಅಕ್ಕ ಹೀಗೆ ಅನ್ನಲ್ಲ ಅನ್ನಿಸುವಂಥದ್ದು?”

ತಾತ ಯೋಚಿಸಿದರು. ತುಟಿಯ ಮೇಲೆ ಸಣ್ಣ ನಗು ಬಂತು.

“ಕೊನೇಲಿ ಒಂದು. ‘ಆಯ್ತು, ಇನ್ನು ನಿಮಗೆ ತೊಂದರೆ ಇಲ್ಲ’ ಅಂದು, ಸ್ವಲ್ಪ ತಡೆದು, ‘ಪೂರ್ಣವಿರಾಮ’ ಅಂದ್ಲು. ಮನೇಲಾಗ್ಲಿ ರೇಡಿಯೊದಲ್ಲಾಗ್ಲಿ ಹಾಗೆ ಯಾವತ್ತೂ ಅಂದೋಳಲ್ಲ. ನನ್ನ ಕಸುಬನ್ನ ಗೇಲಿ ಮಾಡ್ತಿದಾಳೆ ಅಂತ ನಕ್ಕುಬಿಟ್ಟೆ.”

ಟೀಚರಮ್ಮ ನಗಲಿಲ್ಲ. ಅಕ್ಕ ಹಾಗೆ ಅಂದದ್ದನ್ನು ಅವರು ಕೇಳಿದ್ದರು. ಒಂದೇ ಒಂದು ಕಡೆ.

ಹಜಾರದಲ್ಲಿ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ತಾತ ಗೋಡೆ ಹಿಡಿಯದೆ ನಡೆದು ಬಂದು, ಅಳಿಯ ಇದ್ದಾನೆಂದು ತಾವು ತಿಳಿದ ದಿಕ್ಕಿಗೆ ನಿಂತರು. ದಿಕ್ಕು ಒಂದು ಮಾರು ತಪ್ಪಿತ್ತು. ಅಳಿಯನೇ ಸರಿದು ಎದುರಿಗೆ ಬಂದ.

“ನಾನೇ ಮಾಡಿದ್ದಪ್ಪ” ಎಂದರು ತಾತ. “ನಂಗೆ ಕಣ್ಣು ಕಾಣಲ್ಲ. ಅದನ್ನ ಮುಚ್ಚಿಡೋಕೆ ನಿನ್ನ ಮೇಲೆ ಹಾಕಿದೆ. ಸೂಟ್‌ಕೇಸ್‌ ಒಳಗಿಡು. ಇಡ್ತೀಯಾ?”

ಅಳಿಯನಿಗೆ ಸಿಟ್ಟು ಇಳಿಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮಾವನ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. “ಮೊದಲೇ ಹೇಳಿದ್ರೆ ನಾನೇ ಓದಿ ಹೇಳ್ತಿರ್ಲಿಲ್ವಾ ಮಾವ. ಎರಡೆರಡು ಸಲ ಓದ್ತಿದ್ದೆ.” ಹೇಳಿ ಗಾಡಿಯವನಿಗೆ ಬೇಡವೆಂದು ತಿಳಿಸಲು ಫೋನ್ ತೆಗೆದ.

ಮಗಳು ಸೂಟ್‌ಕೇಸಿನ ಹಿಡಿಯನ್ನು ಬಿಟ್ಟಿರಲಿಲ್ಲ. ಟೀಚರಮ್ಮ ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿ, “ಎಲ್ಲಿಗೆ ಟೀಚರ್, ಇಷ್ಟು ಅವಸರ?” ಎಂದಳು.

“ಸಂಸ್ಥೆಗೆ. ಒಂದು ಹಳೇ ಕ್ಯಾಸೆಟ್ ನೋಡ್ಬೇಕು.”

ಸಂಸ್ಥೆ ಇದ್ದದ್ದು ಅದೇ ಬೀದಿಯ ಕೊನೆಗೆ, ಗಡಿಯಾರದ ಅಂಗಡಿಯ ಮಹಡಿ ಮೇಲೆ. ನಾಲ್ಕು ತಿಂಗಳ ಹಿಂದೆ ಮುಚ್ಚಿತ್ತು. ಹನ್ನೆರಡು ಟೈಪ್‌ರೈಟರ್ ಯಂತ್ರಗಳಲ್ಲಿ ಒಂದು ಮಾತ್ರ ಉಳಿದಿತ್ತು. ಉಳಿದ ಹನ್ನೊಂದರ ಕಾಲಿನ ಗುರುತುಗಳು ಬೆಂಚಿನ ಮೇಲೆ ಹಾಗೇ ಇದ್ದವು. ಬಾಗಿಲು ತೆಗೆದರೆ ರಿಬ್ಬನ್ನಿನ ಮಸಿಯ ವಾಸನೆ ಇನ್ನೂ ಬರುತ್ತಿತ್ತು. ಟೀಚರಮ್ಮ ಒಂದು ಗಳಿಗೆ ನಿಂತು ಅದನ್ನು ಎದೆ ತುಂಬ ಎಳೆದುಕೊಂಡರು.

ಮೂವತ್ತು ವರ್ಷದ ಹಿಂದೆ ಅಕ್ಕ ಈ ಸಂಸ್ಥೆಗಾಗಿ ಒಂದು ಕ್ಯಾಸೆಟ್ ಮಾಡಿಕೊಟ್ಟಿದ್ದರು. ಮಕ್ಕಳು ಕೇಳಿ ಟೈಪ್ ಮಾಡಲೆಂದು, ನಿಮಿಷಕ್ಕೆ ಮೂವತ್ತು ಪದದಂತೆ, ನಿಧಾನವಾಗಿ ಓದಿದ ಪತ್ರಗಳು. ಚಿಹ್ನೆ ಎಲ್ಲೆಲ್ಲಿ ಹಾಕಬೇಕೆಂದು ತಿಳಿಯಬೇಕಲ್ಲ, ಅದಕ್ಕೆ ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲೇ ಹೇಳಿದ್ದರು. ಅಕ್ಕ ‘ಪೂರ್ಣವಿರಾಮ’ ಎಂದೊಡನೆ ಹನ್ನೆರಡು ಯಂತ್ರಗಳೂ ಒಮ್ಮೆಗೇ ಟಕ್ಕೆಂದು ನಿಲ್ಲುತ್ತಿದ್ದವು. ಆ ನಿಶ್ಶಬ್ದ ಟೀಚರಮ್ಮನಿಗೆ ಹಾಡಿಗಿಂತ ಇಷ್ಟವಾಗಿತ್ತು. ಆ ಟೇಪನ್ನಷ್ಟೇ ಕೇಳಿ ಮಾತು ಕಲಿತ ಯಂತ್ರ, ಮಾತಿನ ಕೊನೆಗೆ ಅದನ್ನೂ ಹೇಳದೆ ಬಿಟ್ಟೀತೇ?

ಕಪಾಟು ತೆರೆದರು. ಕ್ಯಾಸೆಟ್ಟಿನ ಡಬ್ಬಿ ತನ್ನ ಜಾಗದಲ್ಲೇ ಇತ್ತು. ಹಗುರವಾಗಿತ್ತು. ಒಳಗೆ ಏನೂ ಇರಲಿಲ್ಲ.

ಪಕ್ಕದಲ್ಲಿ ಸಂಸ್ಥೆಯ ಪುಸ್ತಕ. ಇಲ್ಲಿಂದ ಒಂದು ರಬ್ಬರು ತುಂಡು ಹೊರಗೆ ಹೋದರೂ ಅದರಲ್ಲಿ ಬರೆಯಬೇಕಿತ್ತು. ಏನು, ಯಾರು, ಅನುಮತಿ. ಮೂರನೆಯ ಕಾಲಮಿನಲ್ಲಿ ಟೀಚರಮ್ಮನ ಸಹಿ. ಓದದೆ ಸಹಿ ಹಾಕಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಬೈದು ಹೇಳಿದ್ದು ಇದೇ ಬಾಯಿ.

ಕೊನೆಯ ಪುಟ, ಸಂಸ್ಥೆ ಮುಚ್ಚಿದ ದಿನದ್ದು. ಅಂದು ಹಳೆಯ ಶಿಷ್ಯರೆಲ್ಲ ಬಂದಿದ್ದರು. ನೆನಪಿಗೆಂದು ಒಬ್ಬೊಬ್ಬರು ಒಂದೊಂದು ವಸ್ತು ಕೇಳಿದ್ದರು. ಕಣ್ಣು ತುಂಬಿ ಬಂದು ಏನೂ ಕಾಣದೆ, ಪುಸ್ತಕ ಮುಂದೆ ಬಂದಾಗಲೆಲ್ಲ ಹೌದು, ಹೌದು, ಹೌದು ಎಂದು ಒಂದೇ ಸಮನೆ ಸಹಿ ಹಾಕುತ್ತಾ ಹೋಗಿದ್ದು ಟೀಚರಮ್ಮನಿಗೆ ನೆನಪಿತ್ತು. ಮೂವತ್ತೆಂಟು ಸಾಲು. ಒಂದನ್ನೂ ಓದಿರಲಿಲ್ಲ.

ಈಗ ಓದಿದರು. ಒಂದು ಸ್ಟೂಲು. ಒಂದು ಮಸಿಡಬ್ಬಿ. ಎರಡು ರಿಬ್ಬನ್. ಬೆರಳು ಇಪ್ಪತ್ತಾರನೆಯ ಸಾಲಿಗೆ ಬಂದು ನಿಂತಿತು.

ಕ್ಯಾಸೆಟ್, ಒಂದು.

ಎದುರಿಗೆ ಬರೆದ ಹೆಸರು ಅಕ್ಕನ ಮಗಳದು. ಅದರ ಎದುರಿಗೆ ತಮ್ಮದೇ ಸಹಿ.

ಆ ದನಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ ಎಂದವಳು. ತಾತ ಯಾರಿಗೂ ಹೇಳದ ಕಣ್ಣಿನ ವಿಷಯ ಫೋನಿನ ದನಿಗೆ ಗೊತ್ತಿತ್ತು, ಅದು ಒಂದೇ ಮನೆಯಲ್ಲಿದ್ದು ಕಂಡುಕೊಂಡವರಿಗೆ ಮಾತ್ರ ಗೊತ್ತಾಗುವಂಥದ್ದು. ಆಗ ಸವರಿದ ಆ ಬೆನ್ನಿನ ಬಿಸಿ ಟೀಚರಮ್ಮನ ಅಂಗೈಯಲ್ಲಿ ಇನ್ನೂ ಇತ್ತು.

ಮರದ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಹದಿನೇಳರ ಹುಡುಗಿಯಾಗಿದ್ದಾಗ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದ ಕಾಲು ಇಂದು ಒಂದೊಂದಾಗಿ ಹತ್ತಿ ಬಂತು. ಮುಂದಕ್ಕೆ ಮಾಡಿದ್ದ ಬಾಗಿಲಿನ ಆಚೆ ನಿಂತಿತು.

“ಟೀಚರ್” ಎಂದಳು ಮಗಳು, ಟೈಪಿಂಗ್ ಕಲಿಯಲು ಬಂದ ಮೊದಲ ದಿನ ಕೇಳಿದ ಅದೇ ಮೆತ್ತನೆಯ ದನಿಯಲ್ಲಿ. “ಒಳಗೆ ಬರಲಾ?”

ಟೀಚರಮ್ಮ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಿಂತರು. ಹೌದು ಎಂಬುದೂ ಬಾಯಿಗೆ ಬರಲಿಲ್ಲ, ಬೇಡ ಎಂಬುದೂ ಬರಲಿಲ್ಲ.